ಮ್ಯಾಕ್ಸಿನ್ ಎಲಿಯಟ್ ರಂಗಮಂದಿರದ ಕಾಲ

ನ್ಯೂಯಾರ್ಕ್ ನಗರದ ಪಶ್ಚಿಮ 39ನೇ ಬೀದಿಯಲ್ಲಿ, ಬ್ರಾಡ್‌ವೇಯಿಂದ ಕೂಗಳತೆಯ ದೂರದಲ್ಲಿ, ಮ್ಯಾಕ್ಸಿನ್ ಎಲಿಯಟ್ ಎಂಬ ನಟಿ 1908ರಲ್ಲಿ ತಮ್ಮದೇ ಹೆಸರಿನ ರಂಗಮಂದಿರವೊಂದನ್ನು ತೆರೆದರು. ಆ ಮಂದಿರ ಕಂಡ ಐವತ್ತು ವರ್ಷಗಳನ್ನು ಬರೆಯುತ್ತ ಹೋದರೆ, ಅಮೆರಿಕದ ರಂಗಭೂಮಿಯ ತಲೆಗೆ ಕಟ್ಟಿದ ಒಂದು ಆಪಾದನೆಯ ಚರಿತ್ರೆ ತಾನಾಗಿ ತೆರೆದುಕೊಳ್ಳುತ್ತದೆ. ನಾಟಕದವರೆಂದರೆ ಶೀಲಗೆಟ್ಟವರು, ಗಂಡು ಗಂಡನ್ನೂ ಹೆಣ್ಣು ಹೆಣ್ಣನ್ನೂ ಬಯಸುವವರೆಲ್ಲ ಅಲ್ಲಿಯೇ ಹೋಗಿ ಸೇರುತ್ತಾರೆ, ಮೇಲಾಗಿ ಅವರು ದೇಶಕ್ಕೆ ಎರಡು ಬಗೆಯುವ ಕೆಂಪು ಬಾವುಟದವರು: ಇದು ಆ ಆಪಾದನೆ. ಇಂದಿಗೂ ಅಲ್ಲಿನ ಶಾಲೆ, ಕಾಲೇಜುಗಳಲ್ಲಿ ನಾಟಕದ ತಂಡ ಸೇರಿದ ಹುಡುಗನನ್ನು ಕಂಡರೆ ಇವನು ಯಾರನ್ನು ಪ್ರೀತಿಸುತ್ತಾನೆ, ಯಾವ ಪಕ್ಷಕ್ಕೆ ಮತ ಹಾಕುತ್ತಾನೆ ಎಂದು ಕೇಳದೆಯೇ ಲೆಕ್ಕ ಹಾಕಿಬಿಡುವವರಿದ್ದಾರೆ. ಈಗ ನಗೆಮಾತಾಗಿ ಉಳಿದಿರುವ ಆ ಲೆಕ್ಕವನ್ನು ಒಂದು ಕಾಲದಲ್ಲಿ ಸರಕಾರವೇ ಕಡತದಲ್ಲಿ ಬರೆದಿಟ್ಟಿತು. ಅದನ್ನು ನೆಪ ಮಾಡಿಕೊಂಡು ಸಾವಿರಾರು ಜನರ ಅನ್ನ ಕಿತ್ತುಕೊಂಡಿತು. ನಾಟಕ, ಸಲಿಂಗ ಪ್ರೇಮ, ಎಡಪಂಥ ಎಂಬ ಈ ಮೂರು ಎಳೆಗಳನ್ನು ಒಂದೇ ಹಗ್ಗವಾಗಿ ಹೊಸೆದ ಕೈಗಳು ವಿಚಾರಣೆ ನಡೆಸಿದವರ ಕೈಗಳು ಎಂದು ನಾನು ದೃಢವಾಗಿ ನಂಬಿದ್ದೇನೆ. ರಂಗಭೂಮಿಯ ಒಳಗೆ ಆ ಎಳೆಗಳು ಕೂಡಿದ್ದೂ ಉಂಟು, ಒಂದನ್ನೊಂದು ದೂರ ತಳ್ಳಿದ್ದೂ ಉಂಟು. ತಳ್ಳಿದ ಕಥೆಯೇ ಹೆಚ್ಚು ನೋವಿನದು.

ಮೊದಲು ಬಂದದ್ದು ಬೀಗ. 1926ರ ಸೆಪ್ಟೆಂಬರಿನಲ್ಲಿ ಎದುವಾರ್ ಬೂರ್ದೆ ಎಂಬ ಫ್ರೆಂಚ್ ನಾಟಕಕಾರನ 'ದಿ ಕ್ಯಾಪ್ಟಿವ್' ನ್ಯೂಯಾರ್ಕಿನ ರಂಗಕ್ಕೆ ಬಂತು. ಅದರ ನಾಯಕಿಯ ಮನಸ್ಸು ಇನ್ನೊಬ್ಬ ಹೆಣ್ಣಿನಲ್ಲಿ ನೆಟ್ಟಿದೆ. ಆ ಇನ್ನೊಬ್ಬಾಕೆ ರಂಗದ ಮೇಲೆ ಒಮ್ಮೆಯೂ ಕಾಣಿಸಿಕೊಳ್ಳುವುದಿಲ್ಲ. ಅವಳು ಕಳಿಸಿದ ನೇರಳೆ ಬಣ್ಣದ ಹೂಗುಚ್ಛವಷ್ಟೇ ಬರುತ್ತದೆ. ಅದೇ ಹೊತ್ತಿಗೆ ನಟಿ ಮೇ ವೆಸ್ಟ್ ತಮ್ಮ 'ಸೆಕ್ಸ್' ನಾಟಕದಿಂದ ಮನೆಮಾತಾಗಿದ್ದರು. ಹೆಣ್ಣುಡುಗೆ ತೊಡುವ ಗಂಡಸರನ್ನು ಕಲೆಹಾಕಿ 'ದಿ ಡ್ರ್ಯಾಗ್' ಎಂಬ ಇನ್ನೊಂದು ನಾಟಕವನ್ನೂ ಸಿದ್ಧಪಡಿಸಿ, ನೆರೆಯ ಊರುಗಳಲ್ಲಿ ಆಡಿಸಿ ನೋಡುತ್ತಿದ್ದರು. ಮೇಯರ್ ಜಿಮ್ಮಿ ವಾಕರ್ ರಜೆಯ ಮೇಲೆ ಊರು ಬಿಟ್ಟಿದ್ದ ಸಮಯ ನೋಡಿ, ಹಂಗಾಮಿ ಮೇಯರ್ ಜೋಸೆಫ್ ಮೆಕ್‌ಕೀ 1927ರ ಫೆಬ್ರವರಿ 9ರ ರಾತ್ರಿ ಮೂರು ರಂಗಮಂದಿರಗಳಿಗೆ ಏಕಕಾಲಕ್ಕೆ ಪೊಲೀಸರನ್ನು ನುಗ್ಗಿಸಿದರು. ಮೇ ವೆಸ್ಟ್‌ಗೆ ಹತ್ತು ದಿನದ ಸೆರೆವಾಸವಾಯಿತು. 'ಕ್ಯಾಪ್ಟಿವ್' ತಂಡದವರು ಇನ್ನು ಆಡುವುದಿಲ್ಲವೆಂದು ಒಪ್ಪಿ ಬಿಡುಗಡೆ ಪಡೆದರು. 'ದಿ ಡ್ರ್ಯಾಗ್' ಬ್ರಾಡ್‌ವೇ ಮುಟ್ಟಲೇ ಇಲ್ಲ. ಅದೇ ವಸಂತದಲ್ಲಿ ನ್ಯೂಯಾರ್ಕ್ ರಾಜ್ಯ ಹೊಸದೊಂದು ಕಾಯಿದೆ ತಂದಿತು. 'ಲೈಂಗಿಕ ವಿಕೃತಿ'ಯನ್ನು ತೋರಿಸುವ ಅಥವಾ ಚರ್ಚಿಸುವ ನಾಟಕವಾಡಿದರೆ ಶಿಕ್ಷೆ ಆಡಿದವರೊಂದಿಗೆ ಮುಗಿಯುತ್ತಿರಲಿಲ್ಲ. ರಂಗಮಂದಿರದ ಬಾಗಿಲಿಗೇ ಒಂದು ವರ್ಷದವರೆಗೆ ಬೀಗ ಜಡಿಯಬಹುದಿತ್ತು. ಬೀಗದ ಕಾಯಿದೆಯೆಂದೇ ಜನ ಅದನ್ನು ಕರೆದರು. ನಾಟಕದ ಕಸುಬಿನ ಮರ್ಮ ಚೆನ್ನಾಗಿ ಅರಿತವರೇ ಬರೆದ ಕಾಯಿದೆ ಅದು: ನಾಟಕಕಾರನಿಗೆ ಧೈರ್ಯವಿದ್ದರೂ ಕಟ್ಟಡದ ಮಾಲೀಕನಿಗೆ ಧೈರ್ಯವಿರುವುದಿಲ್ಲ.

ಏಳು ವರ್ಷ ಕಳೆದು, 1934ರ ನವೆಂಬರಿನಲ್ಲಿ, ಮ್ಯಾಕ್ಸಿನ್ ಎಲಿಯಟ್ ಮಂದಿರದ ತೆರೆ ಸರಿಸಿ ಬಂದ ನಾಟಕ ಲಿಲಿಯನ್ ಹೆಲ್‌ಮನ್ ಅವರ 'ದಿ ಚಿಲ್ಡ್ರನ್ಸ್ ಅವರ್'. ಹೆಲ್‌ಮನ್‌ಗೆ ಆಗ 29 ವರ್ಷ. ಇದು ಅವರ ಮೊದಲ ನಾಟಕ. ಇಬ್ಬರು ಗೆಳತಿಯರು ಕಷ್ಟಪಟ್ಟು ಕಟ್ಟಿದ ಹೆಣ್ಣುಮಕ್ಕಳ ವಸತಿಶಾಲೆ. ಶಿಕ್ಷೆ ತಪ್ಪಿಸಿಕೊಳ್ಳಲು ಒಬ್ಬ ಹುಡುಗಿ ಅಜ್ಜಿಯ ಕಿವಿಯಲ್ಲಿ ಊದಿದ ಒಂದು ಸುಳ್ಳು. ಅವರಿಬ್ಬರ ಸಂಬಂಧ ಸರಿಯಿಲ್ಲವೆಂಬ ಪಿಸುಮಾತು. ಒಂದೇ ರಾತ್ರಿಯಲ್ಲಿ ತಾಯಿತಂದೆಯರು ಮಕ್ಕಳನ್ನು ಬಿಡಿಸಿಕೊಂಡು ಹೋಗುತ್ತಾರೆ. ಕೊನೆಗೆ ಆ ಗೆಳತಿಯರಲ್ಲಿ ಒಬ್ಬಳಿಗೆ ತನ್ನೊಳಗೆ ಅಂಥದೊಂದು ಪ್ರೀತಿ ನಿಜವಾಗಿಯೂ ಇತ್ತೆಂದು ತಿಳಿಯುತ್ತದೆ, ಆಕೆ ಪ್ರಾಣ ಕಳೆದುಕೊಳ್ಳುತ್ತಾಳೆ. ಕಾಯಿದೆ ಜೀವಂತವಾಗಿದ್ದರೂ ಪೊಲೀಸರು ಬರಲಿಲ್ಲ. ಬಾಸ್ಟನ್ ನಗರ ನಿಷೇಧಿಸಿತು, ನ್ಯೂಯಾರ್ಕ್ 691 ಪ್ರಯೋಗ ನೋಡಿತು. ಸುಳ್ಳು ಹೇಗೆ ಹಬ್ಬುತ್ತದೆಂಬುದನ್ನು ಇಷ್ಟು ನಿಷ್ಠುರವಾಗಿ ತೋರಿದ ನಾಟಕ ಆ ಶತಮಾನದಲ್ಲಿ ಅಪರೂಪ.

ಅದೇ 1934ರ ಬೇಸಗೆಯಲ್ಲಿ ದೇಶದ ಇನ್ನೊಂದು ತುದಿಯಲ್ಲಿ ಇಬ್ಬರು ನಟರು ಮುಷ್ಕರದ ಜನಜಂಗುಳಿಯಲ್ಲಿ ನಿಂತಿದ್ದರು. ಸ್ಯಾನ್‌ಫ್ರಾನ್ಸಿಸ್ಕೊ ಬಂದರಿನ ಹಮಾಲರು ಕೆಲಸ ನಿಲ್ಲಿಸಿದ್ದರು; ಜುಲೈ 5ರಂದು ಪೊಲೀಸರ ಗುಂಡಿಗೆ ಇಬ್ಬರು ಬಲಿಯಾದರು; ಇಡೀ ನಗರವೇ ಕೆಲಸ ಬಿಟ್ಟು ಬೀದಿಗಿಳಿಯಿತು. ಆ ನಟರಲ್ಲಿ ಹಿರಿಯರು ವಿಲ್ ಗಿಯರ್, ಕಿರಿಯರು ಹ್ಯಾರಿ ಹೇ. ಅವರ ನಡುವೆ ಪ್ರೇಮವಿತ್ತೆಂದು ಹೇ ಮುಂದೆ ಮುಚ್ಚುಮರೆಯಿಲ್ಲದೆ ಹೇಳಿಕೊಂಡರು. ಹೇ ಅವರನ್ನು ಕಮ್ಯುನಿಸ್ಟ್ ಪಕ್ಷದ ಬಾಗಿಲಿಗೆ ಕರೆತಂದವರೂ ಗಿಯರ್ ಅವರೇ. ರಂಗಭೂಮಿ, ಸಲಿಂಗ ಪ್ರೇಮ, ಎಡಪಂಥ ಮೂರೂ ಒಂದೇ ಬದುಕಿನಲ್ಲಿ ಕೂಡಿದ್ದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಆದರೆ ಅದೇ ವರ್ಷ ಸೋವಿಯತ್ ಒಕ್ಕೂಟ ಗಂಡಸರ ನಡುವಿನ ಪ್ರೇಮವನ್ನು ಮತ್ತೆ ಅಪರಾಧವೆಂದು ಸಾರಿತು. ಅಮೆರಿಕದ ಪಕ್ಷವೂ ಅಧಿಕೃತವಾಗಿ ಸಲಿಂಗಿಗಳಿಗೆ ಸದಸ್ಯತ್ವ ಕೊಡುತ್ತಿರಲಿಲ್ಲ. ಹೇ ಪಕ್ಷದ ಒಬ್ಬ ಮಹಿಳೆಯನ್ನು ಮದುವೆಯಾಗಿ, ಇಬ್ಬರು ಹೆಣ್ಣುಮಕ್ಕಳನ್ನು ದತ್ತು ಪಡೆದು, ಹತ್ತು ವರ್ಷಕ್ಕೂ ಮೀರಿ ತಮ್ಮ ಒಂದು ಅರ್ಧವನ್ನು ಅದುಮಿಟ್ಟುಕೊಂಡು ಬಾಳಿದರು.

ಆ ಕಾಲದ ನಾಟಕದವರು ಎಡಕ್ಕೆ ಏಕೆ ವಾಲಿದರೆಂದು ಕೇಳುವವರು ಮೊದಲು ಅವರ ಹೊಟ್ಟೆಯನ್ನು ನೋಡಬೇಕು. ಮಾತಾಡುವ ಸಿನಿಮಾ ಬಂದು ಊರೂರಿನ ನಾಟಕಶಾಲೆಗಳು ಖಾಲಿಯಾಗಿದ್ದವು. ಅದರ ಬೆನ್ನಿಗೇ ಮಹಾ ಆರ್ಥಿಕ ಕುಸಿತ. ವೇಷ ಕಳಚಿದ ನಟ ರೊಟ್ಟಿಯ ಸಾಲಿನಲ್ಲಿ ನಿಲ್ಲಬೇಕಾಗಿತ್ತು. 1935ರಲ್ಲಿ ರೂಸ್‌ವೆಲ್ಟ್ ಸರಕಾರ ಉದ್ಯೋಗ ಯೋಜನೆಯ ಅಡಿಯಲ್ಲಿ ಫೆಡರಲ್ ಥಿಯೇಟರ್ ಎಂಬ ರಾಷ್ಟ್ರೀಯ ನಾಟಕ ಯೋಜನೆಯನ್ನು ತೆರೆದು, ವಾಸರ್ ಕಾಲೇಜಿನ ಪ್ರಾಧ್ಯಾಪಕಿ ಹ್ಯಾಲಿ ಫ್ಲ್ಯಾನಗನ್ ಅವರ ಕೈಗೆ ಒಪ್ಪಿಸಿತು. ಹನ್ನೆರಡು ಸಾವಿರಕ್ಕೂ ಹೆಚ್ಚು ಜನ ಅದರಲ್ಲಿ ಕೂಲಿ ಕಂಡರು. ನ್ಯೂಯಾರ್ಕಿನಲ್ಲಿ ವಾರಕ್ಕೆ 23 ಡಾಲರ್ ಚಿಲ್ಲರೆ ಸಂಬಳ. ಹೆಚ್ಚಿನವರಿಗೆ ಬಡತನದ ಪ್ರಮಾಣಪತ್ರವೇ ಮುಖ್ಯ ಅರ್ಹತೆ. ಯಾರ ಮನೆತನ ಯಾವುದು, ಯಾರು ಯಾರೊಡನೆ ಬಾಳುತ್ತಾರೆ ಎಂದು ಅಲ್ಲಿ ಯಾರೂ ಕೇಳಲಿಲ್ಲ. ಹೀಗೆ ಕೇಳದಿರುವುದು ರಂಗಭೂಮಿಯ ಹಳೆಯ ಗುಣ. ಊರೂರು ತಿರುಗಿ ರಾತ್ರಿ ದುಡಿಯುವ ಕಸುಬಿನಲ್ಲಿ ಪಾತ್ರ ಚೆನ್ನಾಗಿ ಮಾಡಿದರೆ ಸಾಕು, ಉಳಿದ ಮಾತು ಯಾರಿಗೂ ಬೇಕಿರಲಿಲ್ಲ. ಬೇರೆಡೆ ನಿಲ್ಲಲು ಜಾಗ ಸಿಗದವರು ಅಲ್ಲಿಗೆ ಬಂದದ್ದು ಸಹಜ. ಹಾಗೆಂದು ನಾಟಕದವರೆಲ್ಲ ಒಂದೇ ಬಣ್ಣದವರಾಗಿರಲಿಲ್ಲ. 1919ರ ನಟರ ಮುಷ್ಕರವನ್ನು ಬ್ರಾಡ್‌ವೇಯ ದೊರೆ ಜಾರ್ಜ್ ಎಂ. ಕೋಹನ್ ಕೊನೆಯವರೆಗೂ ವಿರೋಧಿಸಿದರು. ಸಲಿಂಗಿಯಾಗಿದ್ದ ನಾಟಕಕಾರ ನೋಯಲ್ ಕವರ್ಡ್ ರಾಜಕೀಯದಲ್ಲಿ ಅಪ್ಪಟ ಸಂಪ್ರದಾಯವಾದಿ.

1937ರ ಹೊತ್ತಿಗೆ ಮ್ಯಾಕ್ಸಿನ್ ಎಲಿಯಟ್ ಮಂದಿರ ಈ ಸರಕಾರಿ ಯೋಜನೆಯ ಬಾಡಿಗೆಯಲ್ಲಿತ್ತು. ಜನವರಿಯಲ್ಲಿ ನಿರ್ದೇಶಕ ಆರ್ಸನ್ ವೆಲ್ಸ್ ಅಲ್ಲಿ ಕ್ರಿಸ್ಟೋಫರ್ ಮಾರ್ಲೋನ 'ಡಾಕ್ಟರ್ ಫಾಸ್ಟಸ್' ಆಡಿಸಿದರು. ತಾವೇ ಫಾಸ್ಟಸ್, ಪಿಶಾಚಿ ಮೆಫಿಸ್ಟೋಫಿಲಿಸ್ ಪಾತ್ರದಲ್ಲಿ ಕಪ್ಪು ಜನಾಂಗದ ನಟ ಜ್ಯಾಕ್ ಕಾರ್ಟರ್. ಕಪ್ಪು ನಟನೊಬ್ಬ ಬಿಳಿಯರೊಡನೆ ಸರಿಸಮನಾಗಿ ನಿಂತು ಆಡಿದ್ದು ಆ ಕಾಲಕ್ಕೆ ಅಪರೂಪ. ಅದರ ಬೆನ್ನಿಗೇ ವೆಲ್ಸ್ ಮತ್ತು ನಿರ್ಮಾಪಕ ಜಾನ್ ಹೌಸ್‌ಮನ್ ಕೈಗೆತ್ತಿಕೊಂಡ ಸಂಗೀತ ನಾಟಕ 'ದಿ ಕ್ರೇಡಲ್ ವಿಲ್ ರಾಕ್'. ಬರೆದು ರಾಗ ಹಾಕಿದವರು ಮಾರ್ಕ್ ಬ್ಲಿಟ್ಸ್‌ಸ್ಟೈನ್. ಅವರು ಸಲಿಂಗಿ, ಅದನ್ನು ಗುಟ್ಟಾಗಿಯೇನೂ ಇಟ್ಟಿರಲಿಲ್ಲ. ಎಡಪಂಥೀಯರು, ಮರುವರ್ಷ ಕಮ್ಯುನಿಸ್ಟ್ ಪಕ್ಷ ಸೇರಿದರು. ನಾಟಕದ ವಸ್ತು ಉಕ್ಕಿನ ಊರು, ಕಾರ್ಮಿಕ ಸಂಘ, ಅದನ್ನು ಮುರಿಯಲು ಊರಿನ ದೊಡ್ಡವರನ್ನೆಲ್ಲ ಕೊಂಡುಕೊಂಡ ಮಿಸ್ಟರ್ ಮಿಸ್ಟರ್ ಎಂಬ ಧಣಿ. ಧಣಿಯ ಪಾತ್ರ ವಿಲ್ ಗಿಯರ್ ಅವರದು.

ಆ ವರ್ಷದ ಮೇ 30ರಂದು ಷಿಕಾಗೊ ನಗರದ ಉಕ್ಕಿನ ಕಾರ್ಖಾನೆಯೆದುರು ಪೊಲೀಸರು ಮುಷ್ಕರನಿರತರ ಮೇಲೆ ಗುಂಡು ಹಾರಿಸಿ ಹತ್ತು ಜನರನ್ನು ಕೊಂದಿದ್ದರು. ಉಕ್ಕಿನ ಮಾತೆಂದರೆ ಕಿಡಿ ಹಾರುವ ಕಾಲ. ಜೂನ್ ಮಧ್ಯದಲ್ಲಿ, ಪ್ರದರ್ಶನಕ್ಕೆ ಇನ್ನೇನು ನಾಲ್ಕು ದಿನವಿರುವಾಗ, ವಾಷಿಂಗ್ಟನ್‌ನಿಂದ ಆದೇಶ ಬಂತು: ಖರ್ಚು ಕಡಿತದ ಕಾರಣ ಜುಲೈ 1ರ ತನಕ ಯಾವ ಹೊಸ ನಾಟಕವೂ ಆರಂಭವಾಗಕೂಡದು. ಕಾವಲುಗಾರರು ಬಂದು ಮಂದಿರವನ್ನು ವಶಕ್ಕೆ ತೆಗೆದುಕೊಂಡರು. ವೇಷಭೂಷಣ, ರಂಗಸಜ್ಜು ಎಲ್ಲ ಒಳಗೆ, ಕಲಾವಿದರು ಹೊರಗೆ.

ಜೂನ್ 16ರ ಸಂಜೆ ಟಿಕೆಟ್ ಹಿಡಿದ ಜನ 39ನೇ ಬೀದಿಯಲ್ಲಿ ನೆರೆದಿದ್ದಾರೆ. ಇತ್ತ ಹೌಸ್‌ಮನ್ ಮತ್ತು ವೆಲ್ಸ್ ಬಾಡಿಗೆ ಮಂದಿರಕ್ಕಾಗಿ ಒಂದಾದ ಮೇಲೊಂದು ಫೋನ್ ಮಾಡುತ್ತಿದ್ದಾರೆ. ಜೀನ್ ರೋಸೆಂತಾಲ್ ಎಂಬ ಇಪ್ಪತ್ತೈದರ ತರುಣಿ ಒಂದು ಪಿಯಾನೊ ಸಂಪಾದಿಸಿ, ಲಾರಿಯಲ್ಲಿ ಹೇರಿಕೊಂಡು, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಬೀದಿ ಸುತ್ತುತ್ತಿದ್ದಾರೆ. ಕೊನೆಗೆ ಊರ ಮೇಲುಭಾಗದ ವೆನಿಸ್ ಎಂಬ ಪಾಳು ಬಿದ್ದ ಮಂದಿರ ಸಿಕ್ಕಿತು. ನಟರು, ಪ್ರೇಕ್ಷಕರು, ದಾರಿಯಲ್ಲಿ ಸಿಕ್ಕವರು ಎಲ್ಲರೂ ಇಪ್ಪತ್ತೊಂದು ಬೀದಿಗಳನ್ನು ದಾಟಿ ಅಲ್ಲಿಗೆ ಹೊರಟರು. ನಟರ ಸಂಘ ಇನ್ನೊಂದು ತೊಡಕು ಹಾಕಿತ್ತು: ಸರಕಾರದ ಒಪ್ಪಿಗೆಯಿಲ್ಲದೆ ಯಾರೂ ರಂಗದ ಮೇಲೆ ಹೆಜ್ಜೆ ಇಡುವಂತಿಲ್ಲ. ಹಾಗಾಗಿ ಖಾಲಿ ರಂಗದ ಮೇಲೆ ಅಂಗಿಯ ತೋಳು ಮಡಚಿಕೊಂಡು ಬ್ಲಿಟ್ಸ್‌ಸ್ಟೈನ್ ಒಬ್ಬರೇ ಪಿಯಾನೊ ಮುಂದೆ ಕುಳಿತರು. ಎಲ್ಲ ಪಾತ್ರಗಳ ಹಾಡನ್ನೂ ತಾವೇ ಹಾಡಿ ಮುಗಿಸುವ ಸಿದ್ಧತೆ ಅವರದು. ಮೊದಲ ಹಾಡು ಬೀದಿಯ ಹುಡುಗಿ ಮಾಲ್‌ಳದು. ಎರಡು ಸಾಲು ಹಾಡುವಷ್ಟರಲ್ಲಿ ಪ್ರೇಕ್ಷಕರ ನಡುವಿನಿಂದ ತೆಳ್ಳಗೆ ಒಂದು ಹೆಣ್ಣುದನಿ ಕೂಡಿಕೊಂಡಿತು. ಆಲಿವ್ ಸ್ಟ್ಯಾಂಟನ್ ಎದ್ದು ನಿಂತಿದ್ದರು. ಪರಿಹಾರದ ಕೂಲಿಯನ್ನೇ ನಂಬಿದ ಹೊಸ ನಟಿ. ಆ ಕೂಲಿ ನಾಳೆ ನಿಲ್ಲಬಹುದೆಂಬುದು ಆಕೆಗೆ ಗೊತ್ತಿತ್ತು. ದೀಪದ ಕೆಲಸದ ಏಬ್ ಫೆಡರ್ ಬೆಳಕನ್ನು ರಂಗದಿಂದ ಕಿತ್ತು ಆಕೆಯ ಮೇಲೆ ತಿರುಗಿಸಿದರು. ಬ್ಲಿಟ್ಸ್‌ಸ್ಟೈನ್ ತಮ್ಮ ದನಿ ಇಳಿಸಿದರು. ಆಮೇಲೆ ಒಬ್ಬೊಬ್ಬರಾಗಿ, ಸಾಲುಗಳ ನಡುವಿನಿಂದ, ಬಾಲ್ಕನಿಯಿಂದ, ಕೂತಲ್ಲಿಂದಲೇ ಎದ್ದು ನಟರು ಇಡೀ ನಾಟಕವನ್ನು ಆಡಿ ಮುಗಿಸಿದರು. ಅಮೆರಿಕದ ರಂಗಚರಿತ್ರೆಯಲ್ಲಿ ಇಷ್ಟು ಎದೆಗಾರಿಕೆಯ ಇನ್ನೊಂದು ರಾತ್ರಿಯನ್ನು ನಾನು ಕಾಣೆ.

ಮರುವರ್ಷ ವಿಚಾರಣೆ ಬಂತು. 1938ರ ಮೇ ತಿಂಗಳಲ್ಲಿ ಟೆಕ್ಸಾಸಿನ ಮಾರ್ಟಿನ್ ಡೈಸ್ ಅವರ ಅಧ್ಯಕ್ಷತೆಯಲ್ಲಿ ಅಮೆರಿಕ-ವಿರೋಧಿ ಚಟುವಟಿಕೆಗಳ ಶೋಧ ಸಮಿತಿ ಏರ್ಪಟ್ಟಿತು. ಆಗಸ್ಟ್‌ನಲ್ಲಿ ಸಾಕ್ಷಿಗಳು ಸಾಲುಗಟ್ಟಿದರು. ಕಪ್ಪು ಜನಾಂಗದ ಸಹೋದ್ಯೋಗಿಯೊಬ್ಬ ತನ್ನನ್ನು ಹೊರಗೆ ಸುತ್ತಾಡಲು ಕರೆದನೆಂದು ಒಬ್ಬ ನಟಿ ದೂರಿದಳು. ಸಮಿತಿ ಅದನ್ನೂ ಕಮ್ಯುನಿಸಮ್ಮಿನ ಪುರಾವೆಯೆಂದು ದಾಖಲಿಸಿಕೊಂಡಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಬಗೆ. ಯಾರು ಯಾರೊಡನೆ ಒಡನಾಡುತ್ತಾರೆಂಬ ಸಂಗತಿ ಅವರ ರಾಜಕೀಯಕ್ಕೆ ಸಾಕ್ಷಿಯಾದದ್ದು ಇಲ್ಲಿಯೇ. ಮುಂದಿನ ಇಪ್ಪತ್ತು ವರ್ಷದ ವಿಷಬೀಜ ಇದು.

ಫ್ಲ್ಯಾನಗನ್ ಅವರಿಗೆ ಮಾತಾಡಲು ಅವಕಾಶ ಸಿಕ್ಕಿದ್ದು ಡಿಸೆಂಬರ್ 6ರಂದು. ಸಮಿತಿಯ ಸದಸ್ಯ, ಅಲಬಾಮಾದ ಜೋ ಸ್ಟಾರ್ನ್ಸ್, ಫ್ಲ್ಯಾನಗನ್ ಅವರ ಹಳೆಯ ಲೇಖನವೊಂದನ್ನು ಎತ್ತಿ ಓದಿದರು. ಕಾರ್ಮಿಕರ ರಂಗಭೂಮಿಯಲ್ಲಿ ಮಾರ್ಲೋನಂಥ ಒಂದು ಉನ್ಮಾದವಿದೆಯೆಂದು ಅದರಲ್ಲಿ ಬರೆದಿತ್ತು. ಈ ಮಾರ್ಲೋ ಯಾರು, ಅವನು ಕಮ್ಯುನಿಸ್ಟನೇ ಎಂದು ಸ್ಟಾರ್ನ್ಸ್ ಕೇಳಿದರು. ಸಭೆ ಗೊಳ್ಳೆಂದು ನಕ್ಕಿತು. ಫ್ಲ್ಯಾನಗನ್ ನಗಲಿಲ್ಲ, ಸಾವಿರಾರು ಜನರ ಜೀವನೋಪಾಯ ಆ ಕೋಣೆಯಲ್ಲಿ ತೂಗುತ್ತಿತ್ತು. ಮಾರ್ಲೋ ಶೇಕ್ಸ್‌ಪಿಯರನ ಕಾಲದ, ಅವನಿಗೆ ತುಸು ಹಿಂದಿನ ಮಹಾನಾಟಕಕಾರನೆಂದು ದಾಖಲೆಯಲ್ಲಿ ಬರೆದುಕೊಳ್ಳಿ ಎಂದರು. ಸ್ಟಾರ್ನ್ಸ್ ಅಲ್ಲಿಗೂ ಬಿಡದೆ, ಗ್ರೀಕ್ ನಾಟಕಕಾರ ಯೂರಿಪಿಡೀಸನೂ ವರ್ಗಪ್ರಜ್ಞೆ ಬೋಧಿಸಿದವನಲ್ಲವೇ ಎಂದು ಮುಂದುವರಿದರು.

ಈ ಪ್ರಸಂಗವನ್ನು ಎಲ್ಲರೂ ನಗೆಗಾಗಿ ನೆನೆಯುತ್ತಾರೆ. ನನಗೆ ಅದರಲ್ಲಿ ಹಳೆಯದೊಂದು ಕಾಗದ ಕಾಣುತ್ತದೆ. 1593ರ ಮೇ ತಿಂಗಳಲ್ಲಿ ರಿಚರ್ಡ್ ಬೇನ್ಸ್ ಎಂಬ ಗೂಢಚಾರ ಇದೇ ಮಾರ್ಲೋನ ಮೇಲೆ ಇಂಗ್ಲೆಂಡಿನ ಆಳುವವರಿಗೆ ದೂರುಪತ್ರ ಬರೆದಿದ್ದ. ಮಾರ್ಲೋ ನಾಸ್ತಿಕ, ಧರ್ಮದ್ರೋಹಿ, ಹುಡುಗರನ್ನೂ ಹೊಗೆಸೊಪ್ಪನ್ನೂ ಪ್ರೀತಿಸದವರು ಮೂರ್ಖರೆಂದು ಹೇಳುತ್ತ ತಿರುಗುವವನು ಎಂದು ಆ ಪತ್ರದಲ್ಲಿತ್ತು. ಅದಕ್ಕೂ ಮೊದಲೇ ಜೊತೆಗಾರ ನಾಟಕಕಾರ ಥಾಮಸ್ ಕಿಡ್‌ನನ್ನು ಹಿಡಿದು ಹಿಂಸಿಸಿದ್ದರು. ಮೇ 30ರಂದು ಡೆಪ್ಟ್‌ಫರ್ಡಿನಲ್ಲಿ ಮಾರ್ಲೋ ಚೂರಿಯೇಟಿಗೆ ಸತ್ತ. ಅವನಿಗೆ 29 ವರ್ಷ. ನಾಟಕ, ಪ್ರೇಮ, ರಾಜದ್ರೋಹ ಈ ಮೂರನ್ನೂ ಒಂದೇ ಹಾಳೆಯಲ್ಲಿ ಬರೆದು ಕೊಡುವ ಕಲೆ ಡೈಸ್ ಸಮಿತಿಗಿಂತ ಸುಮಾರು ಮುನ್ನೂರೈವತ್ತು ವರ್ಷ ಹಳೆಯದು. ಆ ದಿನ ಫ್ಲ್ಯಾನಗನ್ ತಂದಿದ್ದ ಲಿಖಿತ ಉತ್ತರವನ್ನು ಸಮಿತಿ ಮುದ್ರಿಸಲೂ ಇಲ್ಲ.

1939ರ ಜೂನ್ 30ರಂದು ಸಂಸತ್ತು ಯೋಜನೆಯನ್ನು ಮುಚ್ಚಿತು. ನಾಲ್ಕು ವರ್ಷದಲ್ಲಿ ಎರಡೂವರೆ ಕೋಟಿಗೂ ಮೀರಿ ಜನ ನೋಡಿದ್ದ ರಂಗಭೂಮಿ ಅದು. ಕೊನೆಯ ರಾತ್ರಿ ನ್ಯೂಯಾರ್ಕಿನಲ್ಲಿ ಮಕ್ಕಳ ನಾಟಕ 'ಪಿನೋಕಿಯೊ' ನಡೆಯುತ್ತಿತ್ತು. ಗೊಂಬೆ ಜೀವಂತ ಹುಡುಗನಾಗುವ ಬದಲು ಅಂದು ಸತ್ತುಬಿದ್ದಿತು. ಪ್ರೇಕ್ಷಕರ ಕಣ್ಣೆದುರೇ ರಂಗದ ಕೆಲಸಗಾರರು ಸಜ್ಜಿಕೆಯನ್ನು ಕೆಡವಿದರು. ಸಂಸತ್ತಿನ ಕಾಯಿದೆಯಿಂದ ಹತನಾದನೆಂದು ಗೊಂಬೆಯ ಮರಣಲೇಖ ಬರೆಯಲಾಯಿತು.

ಯುದ್ಧದ ವರ್ಷಗಳನ್ನು ಇಲ್ಲಿ ದಾಟಿಬಿಡುತ್ತೇನೆ. ಅದು ಮುಗಿದ ಮೇಲೆ ಬೇಟೆ ಎರಡು ಪಟ್ಟು ತೀವ್ರವಾಗಿ ಹಿಂತಿರುಗಿತು, ಈ ಸಲ ಬಾಯಿಬಿಟ್ಟು. 1950ರಲ್ಲಿ ಸೆನೆಟರ್ ಕೆನೆತ್ ವೆರಿ ಪತ್ರಕರ್ತರೊಬ್ಬರಿಗೆ, ಸಲಿಂಗಿಗಳನ್ನೂ ದೇಶದ್ರೋಹಿಗಳನ್ನೂ ಬೇರ್ಪಡಿಸಲು ಆಗುವುದೇ ಇಲ್ಲವೆಂಬ ಅರ್ಥದ ಮಾತು ಹೇಳಿದರು. ಅದೇ ವರ್ಷ 'ರೆಡ್ ಚಾನಲ್ಸ್' ಎಂಬ ಕಿರುಹೊತ್ತಗೆ ಕೆಂಪು ನಂಟಿನವರೆಂದು 151 ಕಲಾವಿದರ ಹೆಸರು ಅಚ್ಚು ಹಾಕಿತು; ಕೆಲಸ ತಪ್ಪಿಸುವ ಕಪ್ಪುಪಟ್ಟಿಯಾಗಿ ಅದು ಬಳಕೆಯಾಯಿತು. ಹೆಲ್‌ಮನ್, ಬ್ಲಿಟ್ಸ್‌ಸ್ಟೈನ್, ಗಿಯರ್, ವೆಲ್ಸ್ ಎಲ್ಲರೂ ಅದರಲ್ಲಿದ್ದರು. 1953ರ ಏಪ್ರಿಲಿನಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಹೊರಡಿಸಿದ 10450ನೇ ಆದೇಶ 'ಲೈಂಗಿಕ ವಿಕೃತಿ'ಯನ್ನು ಸರಕಾರಿ ನೌಕರಿಯಿಂದ ತೆಗೆಯಲು ಕಾರಣವೆಂದು ಬರೆಯಿತು. ಬೀಗದ ಕಾಯಿದೆಯ ಅದೇ ನುಡಿಗಟ್ಟು, ಈಗ ಇಡೀ ದೇಶದ ಕಚೇರಿಗಳಿಗೆ.

ಹ್ಯಾರಿ ಹೇ ಇದನ್ನು ಮೊದಲೇ ಕಂಡರು. 1950ರ ನವೆಂಬರಿನಲ್ಲಿ ಲಾಸ್ ಏಂಜಲಿಸ್‌ನ ತಮ್ಮ ಮನೆಯಲ್ಲಿ ನಾಲ್ವರು ಗೆಳೆಯರೊಡನೆ ಸೇರಿ ಸಲಿಂಗಿಗಳ ಸಂಘವೊಂದನ್ನು ಕಟ್ಟಿದರು. ಕಾರ್ಮಿಕರ ಶಾಲೆಯಲ್ಲಿ ಸಂಗೀತದ ಇತಿಹಾಸ ಪಾಠ ಹೇಳುವಾಗ ಅವರಿಗೆ ಸಿಕ್ಕಿದ್ದ, ಮುಖವಾಡ ತೊಟ್ಟು ಕುಣಿದು ದೊರೆಗಳನ್ನು ಅಣಕಿಸುತ್ತಿದ್ದ ಮಧ್ಯಯುಗದ ಫ್ರೆಂಚ್ ಆಟದವರ ನೆನಪಿಗಾಗಿ ಅದಕ್ಕೆ ಮ್ಯಾಟಷೀನ್ ಎಂದು ಹೆಸರಿಟ್ಟರು. ಸಣ್ಣ ಗುಪ್ತ ಗುಂಪುಗಳ ರಚನೆ ಕಮ್ಯುನಿಸ್ಟ್ ಪಕ್ಷದಿಂದ ಕಲಿತದ್ದು, ಹೆಸರು ನಾಟಕದವರದು. ಸಂಘ ಕಟ್ಟಿದ ಮೇಲೆ, ತಮ್ಮಿಂದ ಪಕ್ಷಕ್ಕೆ ಕೇಡು ಬೇಡವೆಂದು ಹೇ ತಾವೇ ಉಚ್ಚಾಟನೆ ಕೇಳಿಕೊಂಡರು. ಜನತೆಯ ಜೀವನಪರ್ಯಂತದ ಗೆಳೆಯನೆಂದು ಕೊಂಡಾಡಿ ಪಕ್ಷ ಅವರನ್ನು ಕೈಬಿಟ್ಟಿತು. ಎರಡೇ ವರ್ಷದಲ್ಲಿ, 1953ರ ವಸಂತದಲ್ಲಿ, ಮ್ಯಾಟಷೀನ್ ಸಂಘದ ಹೊಸ ಸದಸ್ಯರೇ ಸ್ಥಾಪಕರ ಕೆಂಪು ಹಿನ್ನೆಲೆಗೆ ಹೆದರಿದರು. ಹೇ ಮತ್ತು ಜೊತೆಗಾರರು ಅಲ್ಲಿಂದಲೂ ಕೆಳಗಿಳಿದರು. ಸೆನೆಟರ್ ವೆರಿ ಬೇರ್ಪಡಿಸಲಾಗದೆಂದ ಎರಡು ಗುಂಪುಗಳು ಒಂದೇ ಮನುಷ್ಯನನ್ನು ಎರಡೂ ಕಡೆಯಿಂದ ಹೊರಗಿಟ್ಟವು. ಹೇ ಬದುಕಿನ ಈ ಮೂರು ವರ್ಷಗಳನ್ನು ಓದುವಾಗ ನನಗೆ ಸಿಟ್ಟು ಬರುತ್ತದೆ, ಪಕ್ಷದ ಮೇಲೆಯೂ ಸಂಘದ ಮೇಲೆಯೂ.

ಹೆಲ್‌ಮನ್ 1952ರ ಮೇ ತಿಂಗಳಲ್ಲಿ ಅಮೆರಿಕ-ವಿರೋಧಿ ಚಟುವಟಿಕೆಗಳ ಅದೇ ಸಮಿತಿಯೆದುರು ನಿಂತರು. ತಮ್ಮ ವಿಷಯ ಹೇಳುವೆ, ಬೇರೆಯವರ ಹೆಸರು ಹೇಳಲಾರೆ ಎಂದು ಮೊದಲೇ ಪತ್ರ ಬರೆದಿದ್ದರು. ಡಿಸೆಂಬರಿನಲ್ಲಿ ತಾವೇ ನಿರ್ದೇಶಿಸಿ 'ದಿ ಚಿಲ್ಡ್ರನ್ಸ್ ಅವರ್' ನಾಟಕವನ್ನು ಮತ್ತೆ ಬ್ರಾಡ್‌ವೇಗೆ ತಂದರು. ಹದಿನೆಂಟು ವರ್ಷದ ಹಿಂದೆ ಇಬ್ಬರು ಹೆಂಗಸರ ಕಥೆಯಾಗಿದ್ದದ್ದು ಈಗ ಪಿಸುಮಾತಿಗೆ ಬಲಿಯಾದ ಇಡೀ ಒಂದು ಪೀಳಿಗೆಯ ಕಥೆಯಾಗಿ ಕೇಳಿಸಿತು. ಮುಂದಿನ ಮೇ 5ರಂದು ನೃತ್ಯ ನಿರ್ದೇಶಕ ಜೆರೋಮ್ ರಾಬಿನ್ಸ್ ಅದೇ ಸಮಿತಿಯ ಮುಂದೆ ಕುಳಿತು ಎಂಟು ಜನರನ್ನು ಹೆಸರಿಸಿದರು. ತಮ್ಮ ಸಲಿಂಗ ಪ್ರೇಮ ಬಯಲಾದೀತೆಂಬ ಭಯವೇ ಅವರ ಬಾಯಿ ಬಿಡಿಸಿತೆಂದು ಅವರ ಜೀವನಚರಿತ್ರೆ ಬರೆದವರು ಹೇಳುತ್ತಾರೆ. ಹೆಸರಾದವರಲ್ಲಿ ನಟಿ ಮ್ಯಾಡಲಿನ್ ಲೀ ಒಬ್ಬರು. ಅವರ ಗಂಡ, ಹಾಸ್ಯನಟ ಜ್ಯಾಕ್ ಗಿಲ್‌ಫರ್ಡ್ 1962ರಲ್ಲಿ ಒಂದು ಸಂಗೀತ ನಾಟಕದಲ್ಲಿ ಜೀರೊ ಮೊಸ್ಟೆಲ್ ಜೊತೆ ಆಡುತ್ತಿದ್ದರು. ಮೊಸ್ಟೆಲ್ ಸಹ ಕಪ್ಪುಪಟ್ಟಿಯಲ್ಲಿ ವರ್ಷಗಟ್ಟಲೆ ನವೆದವರು. ಮುಗ್ಗರಿಸುತ್ತಿದ್ದ ನಾಟಕವನ್ನು ತಿದ್ದಲು ರಾಬಿನ್ಸ್ ಅವರನ್ನು ಕರೆಸಬಹುದೇ ಎಂದು ಕೇಳಿದಾಗ, ಎಡಪಂಥದವರು ಯಾರನ್ನೂ ಕಪ್ಪುಪಟ್ಟಿಗೆ ಸೇರಿಸುವುದಿಲ್ಲ ಎಂದು ಮೊಸ್ಟೆಲ್ ಉತ್ತರಿಸಿದರಂತೆ. ಗಿಲ್‌ಫರ್ಡ್ ಕೂಡ ನಾಟಕ ಬಿಡಲಿಲ್ಲ. ಹೆಸರು ಹೇಳಿದವನೂ ಅದರ ಪೆಟ್ಟು ತಿಂದವರೂ ಒಂದೇ ಕೋಣೆಯಲ್ಲಿ ತಾಲೀಮು ನಡೆಸಿದರು. ಎರಡು ವರ್ಷದ ನಂತರ ರಾಬಿನ್ಸ್ ನಿರ್ದೇಶನದಲ್ಲೇ ಮೊಸ್ಟೆಲ್ 'ಫಿಡ್ಲರ್ ಆನ್ ದಿ ರೂಫ್' ನಾಟಕದ ತೆವ್ಯೆ ಆದರು.

ಬ್ಲಿಟ್ಸ್‌ಸ್ಟೈನ್ 1958ರಲ್ಲಿ ಸಮಿತಿಗೆ ತಮ್ಮ ಪಕ್ಷದ ಸದಸ್ಯತ್ವವನ್ನು ಒಪ್ಪಿಕೊಂಡು ಬೇರೆ ಹೆಸರು ಹೇಳಲು ನಿರಾಕರಿಸಿದರು. 1964ರ ಜನವರಿಯಲ್ಲಿ ಮಾರ್ಟಿನಿಕ್ ದ್ವೀಪದಲ್ಲಿ ಮೂವರು ನಾವಿಕರ ಹೊಡೆತಕ್ಕೆ ಸಿಕ್ಕು ತೀರಿಕೊಂಡರು. ಮ್ಯಾಕ್ಸಿನ್ ಎಲಿಯಟ್ ಮಂದಿರವನ್ನು 1960ರಲ್ಲಿ ಕೆಡವಲಾಯಿತು. ಬೀಗದ ಕಾಯಿದೆ ಪುಸ್ತಕದಿಂದ ತೊಲಗಿದ್ದು 1967ರಲ್ಲಿ.

ವಿಲ್ ಗಿಯರ್ 1951ರಲ್ಲಿ ಸಮಿತಿಗೆ ಉತ್ತರಿಸಲು ಒಪ್ಪದೆ ಸಿನಿಮಾದ ಕೆಲಸ ಕಳೆದುಕೊಂಡಿದ್ದರು. ಲಾಸ್ ಏಂಜಲಿಸ್ ಬಳಿಯ ಟೊಪಾಂಗ ಕಣಿವೆಯಲ್ಲಿ ನೆಲ ಹಿಡಿದು ಗಿಡ ಬೆಳೆಸಿ ಮಾರಿದರು, ತಮ್ಮಂತೆಯೇ ಕಪ್ಪುಪಟ್ಟಿಗೆ ಬಿದ್ದ ನಟರನ್ನು ಕರೆದು ಗುಡ್ಡದ ಇಳಿಜಾರಿನಲ್ಲಿ ನಾಟಕ ಆಡಿಸಿದರು. 1972ರಿಂದ 'ದಿ ವಾಲ್ಟನ್ಸ್' ಧಾರಾವಾಹಿಯ ಅಜ್ಜನಾಗಿ ಅವರು ಅಮೆರಿಕದ ಮನೆಮನೆಗೂ ಬಂದರು. ಆ ಹೆಸರು ಕೈಯಲ್ಲಿರುವಾಗಲೇ, 1973ರಲ್ಲಿ, ಅದೇ ಇಳಿಜಾರಿನ ರಂಗವನ್ನು ಥಿಯಾಟ್ರಿಕಮ್ ಬೊಟಾನಿಕಮ್ ಎಂದು ವಿಧಿವತ್ತಾಗಿ ಸ್ಥಾಪಿಸಿದರು. ಅವರು ತೀರಿಕೊಂಡದ್ದು 1978ರಲ್ಲಿ. ಆಮೇಲೆ ಮಗಳು ಎಲೆನ್ ಗಿಯರ್ ಮತ್ತು ಕುಟುಂಬದವರು ಅದನ್ನು ನಡೆಸಿಕೊಂಡು ಬಂದರು.